ಗೋದಾಮಿನ ಓಣಿಯ ಲೆಕ್ಕ

ಪೊಲೀಸ್ ಕಚೇರಿಯ ಎರಡನೆಯ ಮಹಡಿಯಲ್ಲಿ, ಹಳೆಯ ಕಡತಗಳನ್ನು ತುರುಕಿಟ್ಟ ಕೋಣೆಯಲ್ಲಿ, ಇಪ್ಪತ್ತಮೂರು ವರ್ಷಗಳಿಂದ ಒಬ್ಬ ಹೆಂಗಸು ಕೂತಿದ್ದಾಳೆ. ಊರಲ್ಲಿ ಯಾರ ಮನೆಯ ಬೀಗ ಒಡೆದರೂ, ಯಾರ ಜೇಬಿಗೆ ಕತ್ತರಿ ಬಿದ್ದರೂ ತಿಂಗಳ ಕೊನೆಗೆ ಅದು ಅಂಕಿಯಾಗಿ ಅವಳ ಮೇಜಿಗೆ ಬರಲೇಬೇಕು. ಕಚೇರಿಯವರು ಅವಳನ್ನು ಅಂಕಿಯಮ್ಮ ಅನ್ನುತ್ತಾರೆ. ಕಳ್ಳನ ಮುಖವನ್ನು ಅವಳು ಒಂದು ದಿನವೂ ಕಂಡವಳಲ್ಲ. ಆದರೆ ಯಾವ ಬೀದಿಯಲ್ಲಿ ಯಾವ ವಾರ ಅವನ ಕೈ ಚುರುಕು ಎಂಬುದನ್ನು ಕಣ್ಣು ಮುಚ್ಚಿಕೊಂಡು ಹೇಳಬಲ್ಲಳು.

ಅವಳ ಮೇಜಿನ ಮೇಲೆ ಹಳದಿ ಚೀಟಿಗಳ ಕಟ್ಟೊಂದಿದೆ. ಯಾವುದೋ ಠಾಣೆಯಿಂದ ಸುಲಿಗೆ ಪ್ರಕರಣಗಳು ಜಾಸ್ತಿ ಬಂದರೆ, ಒಂದೆರಡು ದೂರಿನ ನಂಬರುಗಳನ್ನು ಚೀಟಿಯ ಮೇಲೆ ಬರೆದು, ‘ಮರುಪರಿಶೀಲಿಸಿ’ ಎಂದು ಸಹಿ ಹಾಕಿ ವಾಪಸು ಕಳಿಸುತ್ತಾಳೆ. ಠಾಣೆಯವರಿಗೆ ಅಷ್ಟು ಸಾಕು. ಕಿತ್ತುಕೊಂಡು ಹೋದ ಸರ ಮರುದಿನ ಎಲ್ಲೋ ಬಿದ್ದುಹೋದ ಸರವಾಗುತ್ತದೆ. ಯಾರೋ ತಳ್ಳಿ ಕೆಡವಿದ ಮುದುಕ ತಾನಾಗಿಯೇ ಎಡವಿದ ಮುದುಕನಾಗುತ್ತಾನೆ.

ಇದೆಲ್ಲ ಹೊಟ್ಟೆಕಿಚ್ಚಿನಿಂದಲೋ ಲಂಚದಿಂದಲೋ ಶುರುವಾದದ್ದಲ್ಲ, ಬರೀ ಮರುಕದಿಂದ. ಎಂಟು ವರ್ಷದ ಹಿಂದೆ ಹೊಸದಾಗಿ ಬಂದಿದ್ದ ಸಾಹೇಬರಿಗೆ ಮೇಲಿನವರು ಚೆನ್ನಾಗಿ ಉಗಿದಿದ್ದರು. ಪಾಪ, ಮುಖ ಸಪ್ಪಗೆ ಮಾಡಿಕೊಂಡು ಕೂತಿದ್ದರು. ಅಂಕಿಯಮ್ಮನೇ ಎರಡು ಚೀಟಿ ಬರೆದು ಅವರ ಮಾನ ಉಳಿಸಿದಳು. ಅವರು ಬೆನ್ನು ತಟ್ಟಿದರು, ಬಡ್ತಿ ಪಡೆದು ಹೊರಟೇಹೋದರು. ಉಳಿದವಳು ಇವಳು. ಕೋಷ್ಟಕದಲ್ಲಿ ಪ್ರತಿ ತಿಂಗಳನ್ನೂ ಹೋದ ವರ್ಷದ ಅದೇ ತಿಂಗಳ ಪಕ್ಕದಲ್ಲಿಟ್ಟು ನೋಡುತ್ತಾರೆ, ಇಡೀ ಊರಿನ ಲೆಕ್ಕ ಇಳಿಯದಿದ್ದರೆ ಯಾಕೆ ಅಂತ ಕೇಳುತ್ತಾರೆ. ಒಮ್ಮೆ ಸುಳ್ಳಾಗಿ ಇಳಿಸಿದವಳು ಮರುವರ್ಷ ಅದಕ್ಕಿಂತ ಕೆಳಗೆ ಇಳಿಸಬೇಕು, ಅದರ ಮರುವರ್ಷ ಇನ್ನೂ ಕೆಳಗೆ. ಅಪರಾಧವೇನೂ ಅವಳ ಮಾತು ಕೇಳಿ ಇಳಿಯಲಿಲ್ಲ. ಹೀಗೆ ತಾನೇ ತೋಡಿದ ಗುಂಡಿಯನ್ನು ವರ್ಷವರ್ಷವೂ ಆಳ ಮಾಡುತ್ತ ಅದರೊಳಗೇ ನಿಂತಿದ್ದಾಳೆ.

ಮನೆಯಲ್ಲಿ ಅವಳ ಜೊತೆ ಇರುವುದು ಅಕ್ಕ. ಬಟ್ಟೆ ಹೊಲಿದೇ ತಂಗಿಯನ್ನು ಓದಿಸಿದವಳು, ಈಗಲೂ ಪೇಟೆಯ ದರ್ಜಿ ಅಂಗಡಿಯಲ್ಲಿ ಮಿಷನ್ ತುಳಿಯುತ್ತಾಳೆ. ಪೇಪರಿನಲ್ಲಿ ‘ನಗರದಲ್ಲಿ ಸುಲಿಗೆ ಇಳಿಮುಖ’ ಎಂದು ಬಂದ ದಿನ ಅಕ್ಕನಿಗೆ ನೆಲದ ಮೇಲೆ ಕಾಲು ನಿಲ್ಲುವುದಿಲ್ಲ. ಅಂಗಡಿಗೆ ಬಂದವರಿಗೆಲ್ಲ ಓದಿ ಹೇಳುತ್ತಾಳೆ, ಇದನ್ನು ಬರೆದವಳು ನಮ್ಮವಳೇ ಎಂದು.

“ಅಕ್ಕ, ಸಂಜೆ ಗೋದಾಮಿನ ಓಣೀಲಿ ಬರ್ಬೇಡ. ದೊಡ್ಡ ರಸ್ತೇಲೇ ಬಾ,” ಎಂದು ಅಂಕಿಯಮ್ಮ ಎಷ್ಟೋ ಸಲ ಹೇಳಿದ್ದಳು.

“ಸುಮ್ನಿರೇ. ಹತ್ತು ನಿಮಿಷ ಉಳಿಯುತ್ತೆ. ಆ ಕಡೆ ಏನೂ ಭಯ ಇಲ್ಲ ಅಂತ ನೀನೇ ಪೇಪರಿಗೆ ಕೊಟ್ಟಿದ್ದೀಯಲ್ಲ!”

ಅಂಕಿಯಮ್ಮನಿಗೆ ಲೆಕ್ಕ ಸುಳ್ಳು ಎನ್ನಲು ಒಂದು ಮಾತು ಸಾಕಿತ್ತು. ಆದರೆ ಲೋಕದಲ್ಲಿ ತನ್ನನ್ನು ನಂಬಿ ಬೀಗುವ ಒಂದೇ ಒಂದು ಜೀವದ ಮುಂದೆ ಆ ಮಾತು ಆಡುವುದು ಹೇಗೆ?

ಆಡದೇ ಇದ್ದುದರ ಫಲ ಒಂದು ಸೋಮವಾರ ಸಂಜೆ ಬಂತು. ಬೈಕಿನಲ್ಲಿ ಬಂದ ಇಬ್ಬರು ಗೋದಾಮಿನ ಓಣಿಯಲ್ಲಿ ಅಕ್ಕನ ಸರಕ್ಕೆ ಕೈ ಹಾಕಿದರು. ಸರ ಸುಲಭವಾಗಿ ತುಂಡಾಗಲಿಲ್ಲ. ಅಕ್ಕನನ್ನು ನಾಲ್ಕು ಮಾರು ಎಳೆದುಕೊಂಡೇ ಹೋದರು. ಅಂಕಿಯಮ್ಮ ಓಡೋಡಿ ಠಾಣೆಗೆ ಬಂದಾಗ ಅಕ್ಕ ಬೆಂಚಿನ ಮೇಲೆ ಕೂತಿದ್ದಳು. ಕುತ್ತಿಗೆಯ ಸುತ್ತ ಕೆಂಪು ಗೆರೆ, ಬಲಗೈ ಮಣಿಕಟ್ಟು ಬಾತುಕೊಂಡಿತ್ತು. ಕತ್ತರಿ ಹಿಡಿಯುವ ಕೈ.

ಠಾಣೆಯ ಬರಹಗಾರ ಪೆನ್ನು ಹಿಡಿದು ಇವಳ ಮುಖ ನೋಡಿದ. “ಏನಂತ ಬರೀಲಿ ಮೇಡಂ? ನೀವು ಹೇಳ್ದಂಗೆ.” ಅವನ ದನಿಯಲ್ಲಿ ವ್ಯಂಗ್ಯವೇನೂ ಇರಲಿಲ್ಲ. ಅದೇ ಅವಳಿಗೆ ಚುಚ್ಚಿತು.

ಅಷ್ಟರಲ್ಲಿ ಅಕ್ಕ ತಂಗಿಯ ಸೆರಗು ಹಿಡಿದು ಹತ್ತಿರ ಎಳೆದುಕೊಂಡಳು. “ನಾನೇ ಬಿದ್ದೆ ಅಂತ ಬರೆಸಿಬಿಡ್ಲೇನೇ? ಇಷ್ಟು ವರ್ಷ ಕಷ್ಟಪಟ್ಟು ಕಡಿಮೆ ಮಾಡಿದ್ದೀಯ. ನನ್ನಿಂದ ನಿನ್ನ ಲೆಕ್ಕ ಕೆಡೋದು ಬೇಡ.”

ಅಂಕಿಯಮ್ಮನಿಗೆ ಅಲ್ಲೇ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. “ಸುಲಿಗೆ ಅಂತ ಬರೀರಿ,” ಎಂದಳು ಬರಹಗಾರನಿಗೆ. “ಎಳೆದುಕೊಂಡು ಹೋದರು ಅನ್ನೋದನ್ನೂ ಬರೀರಿ. ಒಂದಕ್ಷರ ಬಿಡಬೇಡಿ.”

ಈ ಒಂದು ದೂರನ್ನು ಮಾತ್ರ ಯಾರು ಹೇಳಿದರೂ ಅಳಿಸುವುದಿಲ್ಲ ಎಂದು ಆ ಸಂಜೆ ಅವಳು ಗಟ್ಟಿ ಮನಸ್ಸು ಮಾಡಿಕೊಂಡಳು. ಅಕ್ಕನ ಕೈಗೆ ಪ್ಲಾಸ್ಟರ್ ಬಿತ್ತು. ಇನ್ನು ಆರು ವಾರಕ್ಕೆ ಅದನ್ನು ಬಿಚ್ಚಿದ ಮೇಲೆ ಅಂಗಡಿಗೆ ಹೋಗಲೇಬೇಕು.

ತಿಂಗಳ ಕೊನೆಯ ದಿನ ಠಾಣೆಯ ಪಟ್ಟಿ ಬಂತು. ಗೋದಾಮಿನ ಓಣಿ: ಸುಲಿಗೆ ಮೂರು. ಅಕ್ಕನದು ಒಂದು, ಹಾಲಿನಂಗಡಿಯವಳ ಕಿವಿಯೋಲೆ ಒಂದು, ಗಡಿಯಾರ ರಿಪೇರಿಯ ಮುದುಕನದು ಒಂದು, ಅವನ ಎರಡು ಹಲ್ಲು ಮುರಿದಿದ್ದರು.

ಈಗಿನ ಸಾಹೇಬರು ಪಟ್ಟಿಯನ್ನು ನೋಡಿ ಕನ್ನಡಕ ತೆಗೆದರು. “ಹೋದ ವರ್ಷ ಈ ತಿಂಗಳು ಎರಡಿತ್ತು. ಮೂರಾದ್ರೆ ನಿಯಮದ ಪ್ರಕಾರ ಅಲ್ಲಿ ಗಸ್ತು ಹಾಕ್ಬೇಕು. ನನ್ನ ಹತ್ರ ಜನ ಎಲ್ಲಿದ್ದಾರೆ?”

“ಮೂರೂ ನಿಜ ಸರ್. ಒಬ್ಬರು ನಮ್ಮಕ್ಕ.”

“ಛೆ, ಗೊತ್ತಾಯ್ತು. ಬೇಜಾರಾಯ್ತು ನನಗೂ. ಅವರದ್ದು ಇರಲಿ ಬಿಡಿ, ನಾನೇನು ಕಟುಕನಾ?” ಸಾಹೇಬರು ಕನ್ನಡಕ ಒರೆಸಿಕೊಂಡರು. “ಉಳಿದೆರಡರಲ್ಲಿ ಒಂದನ್ನ ನೋಡಿ. ಆಗಲ್ಲ ಅಂತೀರಾ, ತನಿಖೆ ಆಗ್ಲಿ. ಎಂಟು ವರ್ಷದ ಚೀಟಿ ತೆಗೀತಾರೆ. ಒಂದರ ಮೇಲಾದ್ರೂ ಯಾವನಾದ್ರೂ ಸಾಹೇಬನ ಸಹಿ ಇದೆಯೇನಮ್ಮ?”

ಇರಲಿಲ್ಲ. ಎಲ್ಲ ಅವಳದೇ. ಕೆಲಸ ಹೋದರೆ ಮುರಿದ ಕೈಯವಳನ್ನು ಸಾಕುವವರು ಯಾರು? ಕೋಣೆಗೆ ವಾಪಸಾಗಿ ಅವಳು ಚೀಟಿಗಳ ಕಟ್ಟನ್ನು ಹತ್ತಿರ ಎಳೆದುಕೊಂಡಳು. ಅಕ್ಕನ ನಂಬರನ್ನು ಮುಟ್ಟುವುದಿಲ್ಲ ಎಂದು ಪಣ ತೊಟ್ಟಿದ್ದಳು, ಮುಟ್ಟಲಿಲ್ಲ. ಹಳದಿ ಚೀಟಿಯ ಮೇಲೆ ಗಡಿಯಾರದ ಮುದುಕನ ನಂಬರು ಬರೆದು ಸಹಿ ಹಾಕಿದಳು. ತನ್ನ ಬಗ್ಗೆ ಅವಳಿಗೆ ಹೇಸಿಗೆಯಾಯಿತು.

ಮನೆಗೆ ಬಂದಾಗ ಅಕ್ಕ ಕಾಯುತ್ತಾ ಕೂತಿದ್ದಳು. “ನಂದು ಪಟ್ಟೀಲಿ ಬಂತೇನೇ?”

“ಬಂತು.”

ಅಕ್ಕನ ಮುಖ ಅರಳಿತು. “ಇನ್ನು ಆ ಓಣೀಲಿ ಪೊಲೀಸ್ರು ನಿಲ್ತಾರೆ ಅನ್ನು. ನಾನು ಧೈರ್ಯವಾಗಿ ಅಲ್ಲೇ ಬರ್ಬೋದು.”

“ಮೂರಾದ್ರೆ ನಿಲ್ತಾರೆ ಅಕ್ಕ.”

“ಎಷ್ಟಾಗಿದೆ?”

ಅಂಕಿಯಮ್ಮ ಚೀಲವನ್ನು ಕೆಳಗಿಟ್ಟಳು. “ಎರಡು,” ಎಂದಳು.