ಟೈಲರಕ್ಕನ ಜ್ವರ

ಶಾಲೆಯ ಯೂನಿಫಾರ್ಮ್ ಹೊಲಿಯುವುದರಲ್ಲಿ ಅವಳದು ಎತ್ತಿದ ಕೈ. ಬೀದಿಯ ಮಕ್ಕಳಿಗೆಲ್ಲ ಅವಳು ಟೈಲರಕ್ಕ. ಗಂಡ ಲಾರಿ ಡ್ರೈವರ್, ಮನೆಯಲ್ಲಿ ಇದ್ದದ್ದಕ್ಕಿಂತ ರಸ್ತೆಯಲ್ಲಿ ಇದ್ದದ್ದೇ ಹೆಚ್ಚು. ಉಳಿದವರು ಅವಳು ಮತ್ತು ಅತ್ತೆ. ಇಬ್ಬರಿಗೂ ಎಣ್ಣೆ ಸೀಗೆಕಾಯಿ.

ಅವಳಿಗೆ ರಕ್ತದ ಕ್ಯಾನ್ಸರ್ ಎಂದು ಗೊತ್ತಾಗಿ ಕೀಮೋ ಶುರುವಾದಾಗ ಡಾಕ್ಟರಮ್ಮ ಇಬ್ಬರನ್ನೂ ಎದುರಿಗೆ ಕೂರಿಸಿಕೊಂಡರು. "ಈ ಔಷಧಿ ರೋಗದ ಜೊತೆ ಮೈ ಕಾಯೋ ಬಿಳಿ ರಕ್ತಕಣಗಳನ್ನೂ ಕಮ್ಮಿ ಮಾಡುತ್ತೆ. ಜ್ವರ ಬಂದ್ರೆ ಮಾತ್ರೆ ನುಂಗಿ ಮಲಗಬೇಡಿ. ನೇರ ಇಲ್ಲಿಗೆ ಬನ್ನಿ."

ಅವತ್ತಿನಿಂದ ಮನೆ ಬಾಗಿಲಲ್ಲಿ ಅತ್ತೆಯದೇ ಕಾವಲು. ಬಂದವರು ಕೈಗೆ ಸೋಪು ಹಚ್ಚಿ ತೊಳೆಯಬೇಕು. ಕೆಮ್ಮಿದವರು ಗೇಟಿನಿಂದಲೇ ವಾಪಸ್.

ಆದರೂ ಒಂದು ಮಧ್ಯಾಹ್ನ ಟೈಲರಕ್ಕನಿಗೆ ಚಳಿ ಹಿಡಿಯಿತು. ಆಸ್ಪತ್ರೆ ಎಂದರೇ ಸಾಕಾಗಿಹೋಗಿತ್ತು ಅವಳಿಗೆ. ಶಾಲು ಹೊದ್ದು ಸುಮ್ಮನೆ ಮೆಷಿನ್ ಮುಂದೆ ಕೂತಳು. ಹಿಂದಿನಿಂದ ಬಂದ ಅತ್ತೆ ಕತ್ತು ಮುಟ್ಟಿ ನೋಡಿದರು.

"ಮೈ ಕೆಂಡ ಆಗಿದೆಯಲ್ಲೇ!"

"ಸೆಖೆಗೆ ಅತ್ತೆ. ಸಂಜೆಗೆ ಸರಿಹೋಗುತ್ತೆ."

"ಸೆಖೆಗೆ ಶಾಲು ಹೊದೀತಾರಾ? ನನ್ನ ಕಿವಿಗೆ ಹೂವಿಡಬೇಡ. ಏಳು."

"ಈ ಕಾಲರ್ ಒಂದು..."

ಅತ್ತೆ ಮೆಷಿನ್ನಿನ ಪ್ಲಗ್ಗನ್ನೇ ಕಿತ್ತರು.

ಆಸ್ಪತ್ರೆಯಲ್ಲಿ ಉದ್ದನೆಯ ಸಾಲು. "ಇವಳಿಗೆ ಕೀಮೋ ನಡೀತಿದೆ, ಈಗ ಜ್ವರ ಬಂದಿದೆ!" ಎಂದು ಅತ್ತೆ ಕೂಗಿದ್ದೇ ತಡ, ನರ್ಸ್ ಓಡಿ ಬಂದು ಒಳಗೆ ಕರೆದೊಯ್ದಳು. ಪರೀಕ್ಷೆಗೆ ರಕ್ತ ತೆಗೆದರು. ವರದಿಗೆ ಕಾಯದೆ ಆಂಟಿಬಯೋಟಿಕ್ ಡ್ರಿಪ್ ಹಾಕಿದರು. ಸೋಂಕು ಆಗಲೇ ರಕ್ತಕ್ಕೆ ಇಳಿದಿತ್ತು. ಬಿಪಿ ಕುಸಿದು, ಅವಳನ್ನು ಐಸಿಯುಗೆ ಸಾಗಿಸಬೇಕಾಯಿತು.

ಮರುದಿನ ಅತ್ತೆಗೇ ನೆಗಡಿ. ಒಳಗೆ ಬಿಡಲಿಲ್ಲ. ಗಾಜಿನಾಚೆ ನಿಂತು ಫೋನ್ ಹಿಡಿದರು; ಒಳಗೆ ನರ್ಸ್ ಸೊಸೆಯ ಕಿವಿಗೆ ಇನ್ನೊಂದು ಫೋನ್ ಹಿಡಿದಳು. "ಬೇಗ ಎದ್ದು ಬಾರೇ. ನಾನು ಜಗಳ ಯಾರ ಹತ್ರ ಆಡ್ಲಿ?" ಎನ್ನುತ್ತ ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡರು.

ಸೊಸೆಗೆ ಮಾತಾಡುವ ತ್ರಾಣವೇ ಇರಲಿಲ್ಲ. ಕಷ್ಟಪಟ್ಟು ಬಾಯಿ ತೆರೆದಳು. "ಅತ್ತೆ... ನಿಮ್ಮ ಮಾಸ್ಕು ಮೂಗಿನ ಕೆಳಗಿದೆ."

ಅಳುತ್ತಿದ್ದ ಅತ್ತೆ ಅದೇ ಉಸಿರಿನಲ್ಲಿ ನಕ್ಕುಬಿಟ್ಟರು.

ಔಷಧಿ ನಾಟಿತು. ಜ್ವರ ಇಳಿಯಿತು, ಬಿಳಿ ಕಣಗಳು ನಿಧಾನಕ್ಕೆ ಏರಿದವು. "ಸಂಜೆವರೆಗೂ ಕಾದಿದ್ರೆ ನಮ್ಮ ಕೈ ಮೀರಿ ಹೋಗ್ತಿತ್ತು," ಎಂದರು ಡಾಕ್ಟರಮ್ಮ. ಗಂಡನೇ ಬಂದು ಅವಳನ್ನು ಮನೆಗೆ ಕರೆತಂದ. ಮುಂದೆ ಉಳಿದ ಕೀಮೋಗಳೂ ಮುಗಿದು ರೋಗ ಹತೋಟಿಗೆ ಬಂತು.

ಗಂಡ ಮನೆಗೆ ಕರೆತಂದ ಆ ದಿನ ಅವಳು ಒಗೆದ ಬೆಡ್‌ಶೀಟ್ ಹಾಸಿದ ಹಾಸಿಗೆಯ ಮೇಲೆ ಹೊತ್ತಿಳಿಯುವವರೆಗೂ ಮಲಗಿದ್ದಳು. ಅತ್ತೆ ಅವಳ ಪಾದಗಳನ್ನು ತೊಡೆಯ ಮೇಲಿಟ್ಟುಕೊಂಡು ಒತ್ತುತ್ತ ಕೂತರು.