ತೇಪೆ ಇಲ್ಲದ ಬಾಟಲಿ

ಹುಕ್ಕೇರಿ ರಸ್ತೆಯ ಸಣ್ಣ ವೈನರಿಯಲ್ಲಿ ನನ್ನ ಕೆಲಸ ಲೇಬಲ್ ನೋಡುವುದು. ಆಲ್ಕೋಹಾಲ್ ಪ್ರಮಾಣ, ಬ್ಯಾಚ್ ನಂಬರು, ತುಂಬಿದ ದಿನ, ಆರೋಗ್ಯದ ಎಚ್ಚರಿಕೆ, ಅಕ್ಷರದ ಎತ್ತರ ಸಹ ಇಲಾಖೆ ಒಪ್ಪಿದಂತೆಯೇ ಇರಬೇಕು. ಇದರಲ್ಲಿ ನಾನು ಹುಲಿ ಎಂದುಕೊಂಡಿದ್ದೆ. ಜಂಭ ಎಂದರೂ ಸರಿಯೇ.

ಒಮ್ಮೆ ತಪಾಸಣೆಗೆ ಬಂದವರು ನಮ್ಮ ಲೇಬಲ್ಲಿನಲ್ಲಿ ‘ಸಲ್ಫೈಟ್ ಇದೆ’ ಎಂಬ ಸಾಲಿಲ್ಲ ಎಂದು ತೋರಿಸಿದರು. ವೈನ್ ಕೆಡದಿರಲೆಂದು ಹಾಕುವ ವಸ್ತು ಅದು. ದಮ್ಮು, ಅಂದರೆ ಆಸ್ತಮಾ, ಇರುವ ಕೆಲವರಿಗೆ ಉಸಿರು ಕಟ್ಟಿಸುತ್ತದೆ. ಹಳೆಯ ಲೇಬಲ್ಲುಗಳು ರಾಶಿ ಬಿದ್ದಿದ್ದವು. ಮಾಲೀಕರು ಇಲಾಖೆಯ ಒಪ್ಪಿಗೆ ಪಡೆದು, ಆ ಸಾಲನ್ನು ಇಂಗ್ಲಿಷಿನಲ್ಲಿ ಸಣ್ಣ ಪಟ್ಟಿಗಳಲ್ಲಿ ಅಚ್ಚು ಹಾಕಿಸಿದರು. ಹಳೆಯ ಲೇಬಲ್ಲಿನ ಕೆಳಗೆ ಪಟ್ಟಿ ಅಂಟಿಸದೆ ಒಂದು ಬಾಟಲಿಯೂ ಹೊರಗೆ ಹೋಗಬಾರದೆಂದು ಕಟ್ಟಪ್ಪಣೆ.

ಅಂಟಿಸುವವರಲ್ಲಿ ಎಲ್ಲರಿಗಿಂತ ಚುರುಕು ಕೈ ಬೆಲ್ಲದ ಬಾಗೇವಾಡಿಯಿಂದ ಬರುತ್ತಿದ್ದ ದೊಡ್ಡವ್ವನದು. ನನಗೆ ಸಂಬಂಧಿಯಲ್ಲ, ಎಲ್ಲರೂ ಹಾಗೆ ಕರೆಯುತ್ತಿದ್ದೆವು. ಓದು ಬಾರದು, ಆದರೆ ಅವಳು ಅಂಟಿಸಿದ ಪಟ್ಟಿ ಕೂದಲೆಳೆಯಷ್ಟೂ ಸೊಟ್ಟ ಇರುತ್ತಿರಲಿಲ್ಲ. ಕುರಿ ಕಾಯುವ ಮನೆತನ. ಹೊಸ ಮಾಲಿನ ಮೊದಲ ಬಾಟಲಿಗೆ ಭಂಡಾರ, ಅಂದರೆ ದೇವರ ಅರಿಶಿನ, ಹಚ್ಚಿ ಮನೆದೇವರ ಮುಂದಿಟ್ಟು, ಆಮೇಲೆ ಮನೆಯವರೆಲ್ಲ ಹಂಚಿಕೊಳ್ಳುವುದು ಅವಳ ಪದ್ಧತಿ. ಮಾಲೀಕರೇ ಅದಕ್ಕೆಂದು ಒಂದು ಬಾಟಲಿ ಕೊಡಿಸುತ್ತಿದ್ದರು.

ಆ ಮಳೆಗಾಲದಲ್ಲಿ ಅವಳ ಗಂಡನಿಗೆ ದಮ್ಮು ಹತ್ತಿತ್ತು. ಗೋಕಾಕದ ಡಾಕ್ಟರು ಯಾವುದನ್ನು ತಿನ್ನಬಾರದು, ಕುಡಿಯಬಾರದು ಎಂದು ಚೀಟಿ ಬರೆದುಕೊಟ್ಟಿದ್ದರಂತೆ. ಪಿಯುಸಿ ಓದಿದ ಸೊಸೆ ಪ್ರತಿ ಪೊಟ್ಟಣವನ್ನೂ ಆ ಚೀಟಿ ಹಿಡಿದು ಓದುತ್ತಿದ್ದಳಂತೆ. ಇದನ್ನೆಲ್ಲ ದೊಡ್ಡವ್ವ ಕೆಲಸದ ನಡುವೆ ನನಗೆ ಹೇಳಿದ್ದಳು. ನಾನು ಹೂಂಗುಟ್ಟಿದ್ದೆ, ಅಷ್ಟೇ.

ಹೊಸ ಮಾಲು ಬಂದ ದಿನ ಪಟ್ಟಿ ಹಚ್ಚಿದ ಬಾಟಲಿಯೊಂದನ್ನು ಅವಳ ಕೈಗಿಟ್ಟೆ. ಅವಳು ಹಿಂದಕ್ಕೆ ಸರಿಸಿದಳು.

“ಬ್ಯಾಡೋ ತಮ್ಮಾ. ತ್ಯಾಪಿ ಹಚ್ಚಿದ್ದು ದೇವರ ಮುಂದ ಇಡಬಾರ್ದು. ಪಟ್ಟಿ ಇಲ್ಲದ್ದು ಕೊಡು.”

“ನಿಮ್ಮ ದೇವರು ಇನ್ಸ್‌ಪೆಕ್ಟರಗಿಂತ ಕಡಕ್ ಅದಾನ ಬಿಡ್ರಿ ದೊಡ್ಡವ್ವಾ,” ಎಂದು ನಕ್ಕು, ಪಟ್ಟಿಯಿಲ್ಲದ ಬಾಟಲಿ ಕೊಟ್ಟೆ. ಮಾರಾಟಕ್ಕಲ್ಲವಲ್ಲ ಎಂದುಕೊಂಡೆ. ಬೇಲಿಯೇ ಎದ್ದು ಹೊಲ ಮೇಯ್ದಿತ್ತು.

ಮರುದಿನ ಅವಳು ಬರಲಿಲ್ಲ. ಗಂಡ ತೀರಿಹೋದ ಸುದ್ದಿ ಬಂತು. ಮಾತಾಡಿಸಲು ಹೋದಾಗ ಸೊಸೆ ಬಾಗಿಲ ಬಳಿಯೇ ಅತ್ತಳು.

“ಲೇಬಲ್ ಮ್ಯಾಲಿಂದ ಕೆಳಗಿನ ತನಕ ಎರಡ ಸಲ ಓದೀನ್ರಿ. ಚೀಟ್ಯಾಗಿನ ಸಲ್ಫೈಟ್ ಅನ್ನೂ ಹೆಸರು ಇರಲಿಲ್ರಿ. ಅದಕ್ಕ ಮಾವಾಗ ಒಂದ್ ಗ್ಲಾಸ್ ಕೊಟ್ಟೆ.”

ಗೋಕಾಕಕ್ಕೆ ಒಯ್ಯುವಾಗ ದಾರಿಯಲ್ಲೇ ಉಸಿರು ನಿಂತಿತ್ತು. ವೈನೇ ಕಾರಣವೋ, ಮೊದಲೇ ಸೋತ ಎದೆಯೋ, ಡಾಕ್ಟರೂ ಖಚಿತವಾಗಿ ಹೇಳಲಿಲ್ಲವಂತೆ. ನನಗೆ ಆ ಖಾತ್ರಿ ಬೇಕಿರಲಿಲ್ಲ, ಪಟ್ಟಿಯಿಲ್ಲದ ಬಾಟಲಿ ಕೊಟ್ಟವನು ನಾನು. ಆ ಸೊಸೆಯ ಮುಂದೆ ತಪ್ಪು ನನ್ನದು ಎನ್ನಲೂ ಬಾಯಿ ಬರಲಿಲ್ಲ. ಹೇಡಿಯಂತೆ ಚಹಾ ಕುಡಿದು ಎದ್ದು ಬಂದೆ.

ಗಂಡನ ದಿನಕರ್ಮ ಮುಗಿಸಿ ದೊಡ್ಡವ್ವ ಕೆಲಸಕ್ಕೆ ಮರಳಿದಳು. ಕುಳಿತವಳು ಒಂದು ಪಟ್ಟಿ ನನ್ನ ಮುಂದೆ ಹಿಡಿದಳು.

“ಇಷ್ಟ್ ದಿನಾ ಹಚ್ಚೇನಿ. ಇದರಾಗ ಏನ್ ಬರದೈತಿ, ಓದಿ ಹೇಳು.”

ಓದಿದೆ. ಅದು ಯಾಕೆ ಬರೆದಿದೆ, ಯಾರಿಗಾಗಿ ಬರೆದಿದೆ ಎಂಬುದನ್ನೂ ಹೇಳಿದೆ.

“ಅವತ್ತ ಯಾಕ ಹೇಳಲಿಲ್ಲೋ ತಮ್ಮಾ?”

ನೀವು ಕೇಳಲಿಲ್ಲ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅದನ್ನು ನೆನೆದರೆ ಇವತ್ತಿಗೂ ನನ್ನ ಮೇಲೆ ನನಗೇ ಅಸಹ್ಯ. ಅವಳು ಮುಂದಿನ ಬಾಟಲಿ ಎಳೆದುಕೊಂಡು, “ಮಂದಿ ಮನಿಗಿ ಹೋಗೂವು ಅದಾವು,” ಎಂದು ಪಟ್ಟಿ ಹಚ್ಚಿದಳು. ಅದೂ ಸೊಟ್ಟ ಇರಲಿಲ್ಲ.