ಗೋರಿದಿಬ್ಬದ ಏಳು ಡಬ್ಬಿ ಮಣ್ಣು

ಲೋವರ್ ಹಟ್‌ನ ಮಣ್ಣು ಪರೀಕ್ಷೆಯ ಲ್ಯಾಬಿನಲ್ಲಿ ನಾನು ಟೆಕ್ನಿಷಿಯನ್. ಹೊರದೇಶದಿಂದ ಬಂದ ಮಣ್ಣನ್ನು ಇಡುವ ಕೋಣೆಯ ಕೀಲಿ ನನ್ನ ಹತ್ತಿರ ಇರುತ್ತದೆ. ನಾನು ಬಂದು ನೆಲೆಸಿದ ಈ ದ್ವೀಪದೇಶಕ್ಕೆ ಪರದೇಶದ ಮಣ್ಣೆಂದರೆ ಭಯ. ಯಾವ ಹುಳ, ಯಾವ ರೋಗ ಬಂದೀತೋ ಎಂದು, ಪರೀಕ್ಷೆ ಮುಗಿದ ಮೇಲೆ ಉಳಿದದ್ದನ್ನು ಓವನ್ನಿನಲ್ಲಿ ಸುಟ್ಟು ಎಸೆಯಬೇಕು. ಅದೂ ನನ್ನದೇ ಕೆಲಸ.

ಕಳೆದ ಚಳಿಗಾಲದಲ್ಲಿ ಜಪಾನಿನಿಂದ ಒಬ್ಬಾಕೆ ಬಂದರು. ಐವತ್ತರ ಆಸುಪಾಸು, ಮಾತು ಕಡಿಮೆ. ಅವರ ಊರಿನ ಬಳಿ ಸಾವಿರದೈನೂರು ವರ್ಷ ಹಳೆಯ ಗೋರಿದಿಬ್ಬವೊಂದಿದೆ. ಮಣ್ಣನ್ನು ಪದರ ಪದರವಾಗಿ ಬಡಿದು ಗುಡ್ಡದಂತೆ ಏರಿಸಿ, ನಡುವಿನ ಕಲ್ಲಿನ ಕೋಣೆಯಲ್ಲಿ ಯಾರನ್ನೋ ಮಲಗಿಸಿದ್ದಾರೆ. ಭೂಕಂಪಕ್ಕೆ ದಿಬ್ಬ ಬಿರುಕು ಬಿಟ್ಟು ಮಳೆನೀರು ಒಳಗಿಳಿಯುತ್ತಿತ್ತು. ಬಿರುಕನ್ನು ಎಂಥ ಮಣ್ಣಿನಿಂದ ಮುಚ್ಚಿದರೆ ಹಳೆಯದಕ್ಕೆ ಹೊಂದೀತು ಎಂದು ನೋಡಲು ಒಂದು ತಿಂಗಳ ಮಟ್ಟಿಗೆ ಬಂದಿದ್ದರು.

ಮೊದಲ ದಿನವೇ ನನಗೆ ಅನುಮಾನ ಬಂತು. ಡಬ್ಬಿ ತೆರೆಯುವ ಮುನ್ನ ಅವರು ಬಾಗಿಲ ಕಡೆ ತಿರುಗಿ ನೋಡಿದರು. ನಾನು ಅಲ್ಲೇ ನಿಂತಿದ್ದೆ. ನಾನು ಹೋಗಲೆಂದು ಕಾದರು, ನಾನು ಹೋಗಲಿಲ್ಲ. ಕೊನೆಗೆ ಡಬ್ಬಿಗೆ ತಲೆ ಬಾಗಿಸಿ ಮುಚ್ಚಳ ತೆಗೆದರು.

ಎರಡನೆಯ ವಾರ, ಪರೀಕ್ಷೆ ಮುಗಿಸಿ ಅವರು ಸುಡಲೆಂದು ಇಟ್ಟಿದ್ದ ಚೀಲ ಬಿಚ್ಚಿದವನು ಹಾಗೇ ನಿಂತೆ. ದಿಬ್ಬದ ಮಣ್ಣು ಕೆಂಪು, ಅಂಟಂಟು. ಚೀಲದಲ್ಲಿದ್ದದ್ದು ಬೂದುಬಣ್ಣದ ಉದುರು ಮಣ್ಣು. ಹೋಲಿಕೆಗೆಂದು ನಾವು ಲ್ಯಾಬಿನಲ್ಲಿ ಇಟ್ಟಿರುವ, ಇಲ್ಲಿನ ಹೊಳೆದಂಡೆಯದು. ಆ ಕೋಣೆಗೆ ಹೋಗುತ್ತಿದ್ದವರು ನಾವಿಬ್ಬರೇ.

ಮನೆಗೆ ಬಂದು ಹೆಂಡತಿಗೆ ಹೇಳಿದೆ. ರೊಟ್ಟಿ ಬಡಿಯುತ್ತಿದ್ದವಳು ನಕ್ಕಳು.

“ಮಣ್ಣು ಯಾರ್ ಕದೀತಾರ್ರೀ? ಬಂಗಾರ ಐತೇನು ಅದರಾಗ?”

“ಇದ್ರೂ ಇರಬಹುದು. ದೊಡ್ಡವರ ಗೋರಿ ಅದು.”

“ಹಂಗಂದ್ರ ಆಕೀನ್ನ ಕೇಳ್ರಿ.”

ನಾನು ಕೇಳಲಿಲ್ಲ. ತಲೆಯಲ್ಲಿ ಬಂಗಾರ ಹೊಕ್ಕಿತ್ತು. ಅವರ ಊಟದ ಡಬ್ಬಿ, ಕೋಟಿನ ಜೇಬು, ನೀರಿನ ಬಾಟಲಿ ಎಲ್ಲದರ ಮೇಲೂ ಕಣ್ಣಿಟ್ಟೆ. ಒಂದು ಸಂಜೆ ಸ್ಟೇಷನ್ನಿನವರೆಗೆ ಹಿಂದೆಯೇ ಹೋದೆ. ಅವರು ಮೂಲೆಯ ಡೈರಿ ಅಂಗಡಿಯಲ್ಲಿ ಬ್ರೆಡ್ ಕೊಂಡು ರೈಲು ಹತ್ತಿದರು, ಅಷ್ಟೇ.

ಒಂದು ಶುಕ್ರವಾರ ಅವರು ಮೀಟಿಂಗಿಗೆ ಹೋದಾಗ ಆ ಕೋಣೆಯ ಫ್ರಿಜ್ಜನ್ನು ಪೂರ್ತಿ ಖಾಲಿ ಮಾಡಿದೆ. ಕೆಳಗಿನ ಡ್ರಾಯರಿನ ಹಿಂದೆ, ಬಿಳಿ ಬಟ್ಟೆಯಲ್ಲಿ ಸುತ್ತಿದ ಏಳು ಡಬ್ಬಿಗಳಿದ್ದವು. ಒಂದರ ಮುಚ್ಚಳ ತೆಗೆದೆ. ಕೆಂಪು ಮಣ್ಣು. ಬೆರಳು ಹಾಕಿ ತಡಕಿದೆ. ಬೇರೇನೂ ಇರಲಿಲ್ಲ.

“ಬರಿಗೈಯಲ್ಲಿ ಮುಟ್ಟಬೇಡಿ.”

ಬಾಗಿಲಲ್ಲಿ ಅವರು ನಿಂತಿದ್ದರು. ಸಿಕ್ಕಿಬಿದ್ದದ್ದು ಅವರೋ ನಾನೋ ತಿಳಿಯದೆ ರೇಗಿದೆ. “ಇದನ್ನ ಯಾಕೆ ಬಚ್ಚಿಟ್ರಿ? ಎಲ್ಲಿಗೆ ಸಾಗಿಸೋಕೆ?”

“ತಂದಲ್ಲಿಗೇ. ಇದು ಸತ್ತವರೊಬ್ಬರನ್ನು ಮುಚ್ಚಿದ್ದ ಮಣ್ಣು. ತೆಗೆದ ಪ್ರತಿ ಹಿಡಿಯನ್ನೂ ಅದದೇ ಪದರಕ್ಕೆ ವಾಪಸ್ ಸೇರಿಸ್ತೀನಿ ಅಂತ ಊರಿನವರಿಗೆ ಮಾತು ಕೊಟ್ಟಿದ್ದೀನಿ. ನಿಮ್ಮ ಓವನ್ನಿಗೆ ಹಾಕೋಕೆ ಮನಸ್ಸಾಗಲಿಲ್ಲ.”

“ನನ್ನನ್ನ ಕೇಳಬಹುದಿತ್ತಲ್ಲ?”

“ಮೊದಲ ದಿನದಿಂದ ನೀವು ನನ್ನ ಕೈಗಳನ್ನೇ ಕಾಯ್ತಿದ್ರಿ. ನಿಮ್ಮನ್ನ ಹೇಗೆ ಕೇಳಲಿ?”

ನಾನು ಬಿಜಾಪುರದವನು. ಗೋರಿಗಳ ನಡುವೆಯೇ ಆಡಿ ಬೆಳೆದವನು. ಅಲ್ಲಿನ ಮಣ್ಣು ಕೆದರಿ ಗೋಲಿ ಆಡಲು ಗುಂಡಿ ತೋಡಿದ್ದೇವೆ. ಅದು ಯಾರನ್ನೋ ಮುಚ್ಚಿದ ಮಣ್ಣೆಂದು ಒಮ್ಮೆಯೂ ಅನ್ನಿಸಿರಲಿಲ್ಲ. ಆದರೂ ಅವರ ಮಾತನ್ನು ಆಗಲೇ ನಂಬಿದೆ ಎಂದರೆ ಸುಳ್ಳಾದೀತು. ಅವರು ಹೊರಗೆ ಹೋದ ಮೇಲೆ ಡಬ್ಬಿಗಳ ಮೇಲಿದ್ದ ಜಪಾನಿ ಬರಹವನ್ನು ಫೋನಿನಲ್ಲಿ ಅನುವಾದಿಸಿ ನೋಡಿದೆ. ಎಷ್ಟನೆಯ ಪದರ, ಎಷ್ಟು ಆಳ, ಇಷ್ಟೇ ಬರೆದಿತ್ತು.

ಮ್ಯಾನೇಜರರಿಗೆ ತಿಳಿಸಿದೆ, ತಿಳಿಸಲೇಬೇಕಿತ್ತು. ಮಣ್ಣು ಕೋಣೆಯಿಂದ ಹೊರಬಿದ್ದಿರಲಿಲ್ಲ, ಆದರೂ ಚೀಲದ ಮಣ್ಣು ಬದಲಿಸಿದ್ದಕ್ಕೆ ಆಕೆಗೆ ಕೋಣೆಯ ಪ್ರವೇಶ ನಿಂತಿತು. ಉಳಿದ ಪರೀಕ್ಷೆಗಳನ್ನು ನಾನು ಮಾಡಿದೆ. ಗಾಜಿನಾಚೆ ನಿಂತು ಅವರು ನನ್ನ ಕೈಗಳನ್ನು ನೋಡುತ್ತಿದ್ದರು. ಮಣ್ಣನ್ನು ಮೊಹರು ಹಾಕಿ ವಾಪಸ್ ಕಳಿಸಲು ಅರ್ಜಿಯೊಂದಿದೆ ಎಂದು ನನಗೆ ಮೊದಲೇ ಗೊತ್ತಿತ್ತು. ಅವರು ಕೇಳಿರಲಿಲ್ಲ, ನಾನು ಹೇಳಿರಲಿಲ್ಲ. ಈಗ ನಾನೇ ಕೂತು ತುಂಬಿದೆ. ಅನುಮತಿ ಬಂತು, ಡಬ್ಬಿಗಳು ಅವರೊಡನೆಯೇ ಹೋದವು.

ಕೆಲವು ತಿಂಗಳ ಮೇಲೆ ಒಂದು ಫೋಟೊ ಕಳಿಸಿದರು. ದಿಬ್ಬದ ಇಳಿಜಾರಿನಲ್ಲಿ ಹತ್ತು ಹನ್ನೆರಡು ಮಂದಿ ಮೊಣಕಾಲೂರಿ ಬಿರುಕಿಗೆ ಮಣ್ಣು ತುಂಬುತ್ತಿದ್ದರು. ಹೆಂಡತಿಗೆ ತೋರಿಸಿದೆ.

“ಒಳಗ ಯಾರದಾರಂತ?”

“ಅವರಿಗೂ ಗೊತ್ತಿಲ್ಲಂತ.”

“ಗೊತ್ತಿಲ್ಲದವರ ಸಲುವಾಗಿ ಇಷ್ಟ್ ಮಂದಿನ?” ಎಂದು ಅವಳು ಫೋನನ್ನು ಕೈಗೆ ತೆಗೆದುಕೊಂಡು, ಒಬ್ಬೊಬ್ಬರ ಮುಖವನ್ನೇ ದೊಡ್ಡದು ಮಾಡಿ ನೋಡತೊಡಗಿದಳು.